ಗಂಡ ಊರಿಗೆ, ನಾನು ಫ್ರಾನ್ಸಿಗೆ

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಓಡಿಸುವುದು ಸುಲಭ ಎನ್ನುವವರು ಒಂದು ಶುಕ್ರವಾರ ಬೆಳಿಗ್ಗೆ ಕತಾರಿನಲ್ಲಿ ನನ್ನ ಜೊತೆ ಬರಬೇಕು. ಇಲ್ಲಿ ಏರು ಇಲ್ಲ, ನಿಜ. ಇಳಿಜಾರೂ ಇಲ್ಲ. ಇಳಿಜಾರಿಲ್ಲದ ಕಡೆ ಪೆಡಲ್ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡುವ ಸಂದರ್ಭವೇ ಬರುವುದಿಲ್ಲ. ಅಲ್ ಖೋರ್ ಕಡೆಗೆ ಹೋಗುವ ಸೈಕಲ್ ಪಥದಲ್ಲಿ ಎದುರುಗಾಳಿ ಎದ್ದರೆ, ಕಣ್ಣಿಗೆ ಕಾಣದ ಗುಡ್ಡವೊಂದನ್ನು ಗಂಟೆಗಟ್ಟಲೆ ಹತ್ತಿದ ಹಾಗೆ. ಹಲ್ಲಿನ ಸಂದಿಯಲ್ಲಿ ಮರಳು ಕರಕರ ಎನ್ನುತ್ತಿರುತ್ತದೆ.

ನಾನು ದೋಹಾದ ಒಂದು ಪತ್ರಿಕೆಯಲ್ಲಿ ಉಪಸಂಪಾದಕಿ. ಬೇರೆಯವರ ವಾಕ್ಯ ತಿದ್ದುವುದು, ಊರುಗಳ ಕಾಗುಣಿತ ನೋಡುವುದು, ಹೇಳಿಕೆ ಯಾರದು ಎಂದು ಖಚಿತಪಡಿಸಿಕೊಳ್ಳುವುದು ನನ್ನ ಕೆಲಸ. ಐವತ್ತು ಹತ್ತಿರ ಬಂದಾಗ ಸೈಕಲ್ ಹಿಡಿದೆ. ಶುಕ್ರವಾರದ ನಮ್ಮ ಗುಂಪಿನಲ್ಲಿ ಫ್ರಾನ್ಸಿನ ಶಾಲಾ ಶಿಕ್ಷಕಿಯೊಬ್ಬರಿದ್ದರು. ತಮ್ಮ ಊರಿನ ಕಡೆ ಕಾಲುವೆಯ ಪಕ್ಕದಲ್ಲಿ, ಹೊಲಗಳ ನಡುವೆ ನೂರಾರು ಮೈಲಿ ಸಣ್ಣ ರಸ್ತೆಗಳಿವೆ, ಇಲ್ಲಿನಷ್ಟೇ ಚಪ್ಪಟೆ, ದಿನವಿಡೀ ಹೋದರೂ ನಾಲ್ಕು ಕಾರು ಸಿಗುವುದಿಲ್ಲ ಎಂದು ಅವರು ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಗಲ್ಫಿನಲ್ಲಿರುವ ಕರಾವಳಿಯವರಿಗೆ ವಾರ್ಷಿಕ ರಜೆ ಎಂದರೆ ಊರು. ಮಂಗಳೂರಿನಲ್ಲಿ ಇಳಿದ ಮರುದಿನದಿಂದ ಮನೆ ಮನೆ ಸುತ್ತುವುದು. ಹಿರಿಯರ ಮನೆ ಮೊದಲು. ಪ್ರತಿ ಮನೆಯಲ್ಲೂ ಒಂದು ಲೋಟ ಶರಬತ್ತು ಕುಡಿದು, ಒಂದು ಪೊಟ್ಟಣ ಬಾದಾಮಿ, ಒಂದು ಬಾಟಲಿ ತಲೆನೋವಿನ ಎಣ್ಣೆ ಕೊಟ್ಟು ಏಳಬೇಕು. ಬಿಟ್ಟುಹೋದ ಮನೆಯವರು ಅದನ್ನು ಮರೆಯುವುದಿಲ್ಲ. ಮದುವೆಯಾದಾಗಿನಿಂದ ನನ್ನ ರಜೆಗಳೆಲ್ಲ ಹೀಗೇ ಮುಗಿದಿದ್ದವು. ಇದು ದೂರಲ್ಲ, ವರದಿ.

ಕಳೆದ ವರ್ಷ ನನ್ನ ರಜೆ ನನಗೆ ಬೇಕು ಎಂದೆ. ನನ್ನ ಗಂಡ ಊರಿಗೆ ಹೋಗಲಿ, ನಾನು ಫ್ರಾನ್ಸಿಗೆ ಹೋಗಿ ಸೈಕಲ್ ಓಡಿಸಿ ಬರುತ್ತೇನೆ. ಅವರು ಹೋಗಬೇಡ ಎನ್ನಲಿಲ್ಲ. ಅವರ ಚಿಂತೆ ಬೇರೆಯೇ ಆಗಿತ್ತು.

"ಅಷ್ಟು ಮನೆಗೆ ನಾನೊಬ್ಬನೇ ಹೋಗುದಾ? ಕೇಳಿದವರಿಗೆ ಎಂತ ಹೇಳುದು?"

"ಇದ್ದದ್ದನ್ನು ಹೇಳಿ," ಎಂದೆ. ಅದೊಂದೇ ನನ್ನ ಷರತ್ತು. ಕದ್ದು ಹೋಗುವುದಾದರೆ ಅದು ನನ್ನ ರಜೆ ಹೇಗಾಗುತ್ತದೆ?

ಸುದ್ದಿ ದೋಹಾದ ಪಕ್ಕದ ಪಟ್ಟಣ ಅಲ್ ವಕ್ರಾಕ್ಕೆ ತಲುಪಿತು. ಅಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ದೋಹಾದ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಯಿಂದ ಶುಕ್ರವಾರದ ಊಟಕ್ಕೆ ಅವರಲ್ಲಿಗೆ ಹೋಗುವುದು ರೂಢಿ. ನನ್ನ ಟಿಕೆಟ್ ಆದ ಮುಂದಿನ ಶುಕ್ರವಾರ, ಮೀನಿನ ಗಸಿ ಬಡಿಸುತ್ತಾ, ಊರಿನಲ್ಲಿ ತಮ್ಮ ಮಗನ ನಿಶ್ಚಿತಾರ್ಥಕ್ಕೆ ದಿನ ನಿಗದಿಯಾಗಿದೆ ಎಂದು ಅಕ್ಕ ಹೇಳಿದರು. ದಿನ ಯಾವುದೆಂದು ಕೇಳಿದೆ. ನಾನು ಫ್ರಾನ್ಸಿನಲ್ಲಿರುವ ದಿನಗಳ ನಟ್ಟನಡುವೆ.

ನಮ್ಮಲ್ಲಿ ಸೋದರಮಾವ ಇಲ್ಲದೆ ಹುಡುಗನ ನಿಶ್ಚಿತಾರ್ಥ ನಡೆಯುವುದಿಲ್ಲ. ಇಲ್ಲಿ ಸೋದರಮಾವ ಎಂದರೆ ನನ್ನ ಗಂಡ. ಮಾವ ಇದ್ದಲ್ಲಿ ಪಕ್ಕದಲ್ಲಿ ಮಾಮಿ ಇರಬೇಕು.

"ಅವನೊಬ್ಬನೇ ನಿಂತರೆ ಜನ ಎಂತ ಹೇಳಿಯಾರು? ಪಕ್ಕದ ಜಾಗ ಖಾಲಿ ಇಡ್ಲಿಕ್ಕಾಗ್ತದಾ?"

"ನಿಮ್ಮ ಮಗಳ ಮದುವೆಗೆ ಇವರಿಗೆ ರಜೆ ಸಿಕ್ಕಿರ್ಲಿಲ್ಲ ಅಕ್ಕ. ಅವತ್ತು ನಾನೊಬ್ಬಳೇ ನಿಂತದ್ದು. ಜಾಗ ಖಾಲಿ ಉಂಟು ಅಂತ ಯಾರೂ ಹೇಳ್ಲಿಲ್ಲ."

"ಅದು ಡ್ಯೂಟಿ. ಇದು ಸೈಕಲ್, ಮಾರಾಯ್ತಿ."

"ಇದು ರಜೆ."

"ಖಲಾಸ್. ನಿನ್ನ ಹತ್ರ ಮಾತಾಡಿ ಪ್ರಯೋಜನ ಇಲ್ಲ," ಎಂದು ಅಕ್ಕ ತಮ್ಮನ ಕಡೆ ತಿರುಗಿದರು. ಇವರು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದರು. ಟಿಕೆಟ್ ಬದಲಾಯಿಸಲು ಆಗುತ್ತದಾ ಎಂದು ಮರಳುವಾಗ ಕಾರಿನಲ್ಲಿ ಒಮ್ಮೆ ಕೇಳಿದರು. ಆಗುತ್ತದೆ, ಆದರೆ ಬದಲಾಯಿಸುವುದಿಲ್ಲ ಎಂದೆ.

ಜುಲೈಯಲ್ಲಿ ಅವರು ಮಂಗಳೂರಿಗೆ ಹೋದರು, ನಾನು ಫ್ರಾನ್ಸಿಗೆ. ರೈಲು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಬಾಡಿಗೆಗೆ ಸೈಕಲ್ ಪಡೆದೆ. ಶಿಕ್ಷಕಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಒಂದು ಕಡೆ ಕಾಲುವೆಯ ಹಸಿರು ನೀರು, ಇನ್ನೊಂದು ಕಡೆ ಕೊಯ್ದ ಗೋಧಿಯ ಕೂಳೆ, ಆಚೆಗೆ ಸೂರ್ಯಕಾಂತಿ. ದೋಹಾದಲ್ಲಿ ಹೆದ್ದಾರಿಯ ಸದ್ದು ಎಲ್ಲಿ ಹೋದರೂ ಹಿಂದೆ ಬರುತ್ತದೆ. ಇಲ್ಲಿ ನನ್ನ ಚೈನಿನ ಸದ್ದು ನನಗೇ ಕೇಳುತ್ತಿತ್ತು. ಬೆಲ್ಲು ಬಾರಿಸಿದರೆ ಬಾತುಕೋಳಿಗಳು ಬೇಸರದಿಂದ ಬದಿಗೆ ಸರಿಯುತ್ತಿದ್ದವು. ಗಾಳಿ ಮಾತ್ರ ಕತಾರಿನದ್ದೇ ಜಾತಿ. ಅದರ ಅಭ್ಯಾಸ ನನಗಿತ್ತು.

ಇಲ್ಲದಿದ್ದದ್ದು ಹಸಿವಿನ ಅಭ್ಯಾಸ. ಗಲ್ಫಿನಲ್ಲಿದ್ದವರು ಅಂಗಡಿ ಮುಚ್ಚಿರುತ್ತದೆ ಎಂದು ಯೋಚಿಸುವುದಿಲ್ಲ. ಯಾವ ಹೊತ್ತಿಗಾದರೂ ಬಕಾಲ ಎನ್ನುವ ಸಣ್ಣ ದಿನಸಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರೆ ಕರಕ್ ಚಹಾ, ಸ್ಯಾಂಡ್‌ವಿಚ್ ಕಿಟಕಿಗೇ ಬರುತ್ತದೆ. ಅದೇ ಧೈರ್ಯದಲ್ಲಿ ನಿಶ್ಚಿತಾರ್ಥದ ದಿನ ಒಂದು ಬಾಟಲಿ ನೀರು ಮಾತ್ರ ಇಟ್ಟುಕೊಂಡು ಹೊರಟಿದ್ದೆ. ಅದು ಸೋಮವಾರ, ಅಲ್ಲಿನ ಹಳ್ಳಿಗಳಲ್ಲಿ ಅಂಗಡಿಗಳಿಗೆ ವಾರದ ರಜೆ ಎಂದು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಮೊದಲ ಹಳ್ಳಿಯಲ್ಲಿ ಬೇಕರಿ ಮುಚ್ಚಿತ್ತು. ಎರಡನೆಯದರಲ್ಲಿ ಬೇಕರಿ, ದಿನಸಿ ಅಂಗಡಿ, ಕಾಫಿ ಅಂಗಡಿ ಮೂರೂ ಮುಚ್ಚಿದ್ದವು. ಕೇಳೋಣವೆಂದರೆ ಬೀದಿಯಲ್ಲಿ ಒಂದು ಬೆಕ್ಕು ಬಿಟ್ಟು ಯಾರೂ ಇಲ್ಲ. ಸ್ಮಶಾನದ ಗೋಡೆಯ ಬದಿಯ ನಲ್ಲಿಯಲ್ಲಿ ಬಾಟಲಿ ತುಂಬಿಸಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತೆ.

ಆಗ ಫೋನ್ ಮೇಲಿಂದ ಮೇಲೆ ಸದ್ದು ಮಾಡತೊಡಗಿತು. ಮೊಬೈಲಿನ ಕುಟುಂಬದ ಗ್ರೂಪಿನಲ್ಲಿ ನಿಶ್ಚಿತಾರ್ಥದ ಫೋಟೋಗಳು. ಅವುಗಳ ಕೆಳಗೆ ನನಗೆ ಸಾಲಾಗಿ ಸಂದೇಶಗಳು. ಬೇಗ ಗುಣವಾಗಲಿ. ಭಾರ ಎತ್ತಬೇಡ. ಮೂರು ತಿಂಗಳು ಮೆಟ್ಟಿಲು ಹತ್ತಬಾರದು, ನನ್ನ ಓರಗಿತ್ತಿಗೂ ಇದೇ ಆಪರೇಷನ್ ಆದದ್ದು. ಕೊನೆಯದು ಗಂಡನ ದೊಡ್ಡಮ್ಮ ಯಾರಿಂದಲೋ ಬರೆಸಿದ್ದು: ಗರ್ಭಕೋಶ ಹೋದರೆ ಹೋಗಲಿ, ಜೀವ ಉಳಿಯಿತಲ್ಲ.

ಗಂಡನಿಗೆ ಫೋನ್ ಮಾಡಿದೆ. ಹಿಂದೆ ತಟ್ಟೆ ಲೋಟಗಳ ಸದ್ದು. ನನಗೆ ಆಪರೇಷನ್ ಆಗಿದೆ, ಅದಕ್ಕೇ ಬಂದಿಲ್ಲ ಎಂದು ಅಕ್ಕ ಎಲ್ಲರಿಗೂ ಹೇಳಿದ್ದಂತೆ. ಇವರು ಅಲ್ಲ ಎನ್ನಲು ಹೋಗಲಿಲ್ಲವಂತೆ. ಅಷ್ಟರಲ್ಲಿ ಅಕ್ಕನೇ ಫೋನ್ ತೆಗೆದುಕೊಂಡರು.

"ಊಟ ಆಯ್ತಾ ನಿನ್ನದು?" ಮೊದಲು ಕೇಳಿದ್ದು ಅದನ್ನೇ.

"ಇಲ್ಲ. ಇಲ್ಲಿ ಅಂಗಡಿ ಎಲ್ಲ ಬಂದ್."

"ನೋಡು. ಇಲ್ಲಿ ಎಲೆಯಲ್ಲಿ ಬಡಿಸಿದ್ದು ಮಿಕ್ಕಿದೆ, ನೀನು ಅಲ್ಲಿ ಉಪವಾಸ. ನಿನ್ನ ಮರ್ಯಾದೆ ಉಳಿಸ್ಲಿಕ್ಕೆ ನಾನು ಹಾಗೆ ಹೇಳಿದ್ದು."

"ನನ್ನ ಮರ್ಯಾದೆಗೆ ಎಂತ ಆಗಿತ್ತು ಅಕ್ಕ?"

ಯಾರೋ ಕರೆಯುತ್ತಿದ್ದಾರೆ ಎಂದು ಅಕ್ಕ ಫೋನ್ ಇಟ್ಟರು.

ಸುಮ್ಮನಿರಬಹುದಿತ್ತು. ಎಲ್ಲರಿಗೂ ಅನುಕೂಲವಾಗಿ ಕೂತ ಸುಳ್ಳು ಅದು. ಸುಮ್ಮನಿದ್ದರೆ ಈ ರಜೆ ಕುಟುಂಬದ ನೆನಪಿನಲ್ಲಿ ಆಸ್ಪತ್ರೆಯ ಲೆಕ್ಕಕ್ಕೆ ಹೋಗುತ್ತಿತ್ತು, ಮುಂದಿನ ಸಲ ಅವರು ಇನ್ನೊಂದು ಕಾಯಿಲೆ ಹುಡುಕಬೇಕಾಗುತ್ತಿತ್ತು. ನಮ್ಮ ಡೆಸ್ಕಿನಲ್ಲಿ ಒಂದು ನಿಯಮವಿದೆ: ತಪ್ಪು ಎಲ್ಲಿ ಅಚ್ಚಾಯಿತೋ ತಿದ್ದುಪಡಿಯೂ ಅಲ್ಲೇ ಬರಬೇಕು, ಅಷ್ಟೇ ಕಾಣುವಂತೆ. ಮುಚ್ಚಿದ ಬೇಕರಿಗೆ ಸೈಕಲ್ ಒರಗಿಸಿ, ಹೆಲ್ಮೆಟ್ ತೆಗೆಯದೆ, ನನ್ನ ಮುಖ ಕಾಣುವ ಹಾಗೆ ಒಂದು ಫೋಟೋ ತೆಗೆದೆ. ಕೆಳಗೆ ಬರೆದೆ:

"ತಿದ್ದುಪಡಿ. ನನಗೆ ಯಾವ ಆಪರೇಷನ್ನೂ ಆಗಿಲ್ಲ. ಫ್ರಾನ್ಸಿನಲ್ಲಿ ಸೈಕಲ್ ಓಡಿಸುತ್ತಿದ್ದೇನೆ, ಆರೋಗ್ಯವಾಗಿದ್ದೇನೆ. ಹುಡುಗ ಹುಡುಗಿಗೆ ಶುಭಾಶಯ."

ಗ್ರೂಪು ತಣ್ಣಗಾಯಿತು. ಗಂಡ ಮಾತ್ರ ಬೇರೆಯಾಗಿ ಬರೆದರು, ಅದನ್ನು ಅಳಿಸಲು ಆಗುತ್ತದಾ ಎಂದು. ಆಗುತ್ತದೆ, ಆದರೆ ಅಳಿಸುವುದಿಲ್ಲ ಎಂದು ಉತ್ತರಿಸಿ ಸೈಕಲ್ ಹತ್ತಿದೆ. ಮುಂದಿನ ಪಟ್ಟಣದವರೆಗೂ ಎದುರುಗಾಳಿ. ತುಂಬ ನಿಧಾನ ಹೋದೆ, ಇಳಿದು ತಳ್ಳಲಿಲ್ಲ. ಅಲ್ಲಿ ಒಂದು ಬೇಕರಿ ತೆರೆದಿತ್ತು. ಉದ್ದದ ಬ್ರೆಡ್ ಕೊಂಡು ಫುಟ್‌ಪಾತಿನಲ್ಲೇ ನಿಂತು ಅರ್ಧ ತಿಂದೆ.

ದೋಹಾಕ್ಕೆ ಮರಳಿದ ಮೇಲಿನ ಶುಕ್ರವಾರ ಅಲ್ ವಕ್ರಾದಲ್ಲಿ ಎಂದಿನ ಊಟ. ಹೋಗುವುದು ಬೇಡ ಎಂದು ಗಂಡ ಹೇಳಿ ನೋಡಿದರು. ನಾನೇ ಕಾರಿನ ಕೀ ತೆಗೆದುಕೊಂಡೆ. ಬಾಗಿಲು ತೆರೆದ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಂದ್ರಾ ಆಪರೇಷನ್ನಿನವರು?" ಎಂದರು. ಮುಖ ಕಪ್ಪಗೆ ಕಂದಿದೆ, ಇನ್ನು ಈ ಮುಖ ಬಿಳಿಯಾಗುವುದಿಲ್ಲ ಎಂದೂ ಸೇರಿಸಿದರು. ಊಟ ಮಾಮೂಲಿನಂತೆ ಬಡಿಸಿದರು. ಮದುವೆಯನ್ನು ಬರುವ ವರ್ಷದ ರಜೆಯಲ್ಲಿ ಇಟ್ಟುಕೊಳ್ಳುವ ಮಾತು ಬಂತು.

"ಬರುವ ವರ್ಷವೂ ನಾನು ಸೈಕಲ್‌ಗೆ ಹೋಗ್ತೇನೆ ಅಕ್ಕ," ಎಂದೆ. "ಮದುವೆಗೂ ಬರ್ತೇನೆ. ದಿನ ಇಡುವ ಮೊದಲು ನನ್ನನ್ನೂ ಒಂದು ಮಾತು ಕೇಳಿ."

"ಕೇಳದಿದ್ರೆ?"

"ಕೇಳದಿದ್ರೆ ಮದುವೆಯಲ್ಲೂ ನನ್ನ ಜಾಗ ಖಾಲಿ, ಗ್ರೂಪಿನಲ್ಲಿ ಸೈಕಲಿನ ಫೋಟೋ ಮತ್ತೊಂದು."

ಅಕ್ಕ ಗಸಿಯ ಪಾತ್ರೆಯನ್ನು ನನ್ನ ಕಡೆ ತಳ್ಳಿ ಒಳಗೆ ಹೋದರು. ಮದುವೆಯ ದಿನ ಇನ್ನೂ ನಿಗದಿಯಾಗಿಲ್ಲ. ನನ್ನ ಈ ವರ್ಷದ ರಜೆ ಮಂಜೂರಾಗಿದೆ.