ರಬ್ಬರ್ ಮೀನಿನ ಆಯ್ಕೆ

ಮೀನು ತಿನ್ನುವವರೆಲ್ಲ ಮೀನು ಬಲ್ಲವರಲ್ಲ ಎಂಬುದಕ್ಕೆ ಸಾಕ್ಷಿ ಬೇಕಾದರೆ ನನ್ನನ್ನು ಕರೆಯಬಹುದು. ಕರಾವಳಿಯಲ್ಲಿ ಹುಟ್ಟಿದ ನಾನು ತಾಯಿಯ ಹಾಲು ಬಿಟ್ಟವನು ನೇರ ಬಂಗುಡೆ ಸಾರಿಗೆ ಬಂದೆ. ಆದರೆ ನಡುವಯಸ್ಸು ತಲುಪುವ ತನಕ ಒಂದೇ ಒಂದು ಮೀನನ್ನೂ ನೀರಿನಿಂದ ಹೊರಗೆ ತಂದವನಲ್ಲ. ನನ್ನ ಮಟ್ಟಿಗೆ ಮೀನೆಂದರೆ ಬುಟ್ಟಿಯಲ್ಲಿ ಹುಟ್ಟಿ ಬಟ್ಟಲಲ್ಲಿ ಮುಗಿಯುವ ಪ್ರಾಣಿ. ಅದಕ್ಕೂ ಮೊದಲು ಸಮುದ್ರವೆಂಬುದೊಂದು ಇದೆ ಎಂದು ಕೇಳಿ ಗೊತ್ತಿತ್ತು. ಅದರ ಜೊತೆ ನೇರ ವ್ಯವಹಾರ ಇರಲಿಲ್ಲ.

ವ್ಯವಹಾರ ಶುರುವಾದದ್ದು ತೊಂಬತ್ತರ ದಶಕದ ನಡುವೆ, ದೋಹಾದಲ್ಲಿ, ನನ್ನ ಹೆಂಡತಿ ಲಿಲ್ಲಿಗೆ ಕಾಮಾಲೆ ಬಂದು ಹೋದ ಮೇಲೆ. ಕಾಮಾಲೆ ಹೋಗುವಾಗ ಅವಳ ಹಸಿವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಡಾಕ್ಟರು ಪಥ್ಯ ಬಿಡಿಸಿ, "ಇನ್ನು ಏನು ಬೇಕಾದರೂ ತಿನ್ನಬಹುದು" ಎಂದರು. ತಿನ್ನಬಹುದಾದವಳಿಗೆ ಏನೂ ಬೇಕಾಗಲಿಲ್ಲ. ಎರಡು ತುತ್ತು, ಒಂದು "ಸಾಕು", ಅಷ್ಟೇ. ಬಳೆಗಳು ಮಣಿಕಟ್ಟು ಬಿಟ್ಟು ಮೊಣಕೈಯತ್ತ ಹತ್ತತೊಡಗಿದವು. ಕೊನೆಗೆ ಡಾಕ್ಟರು ನನ್ನನ್ನು ಬದಿಗೆ ಕರೆದು, ಸೆಕೆ ಏರುವುದರೊಳಗೆ ಮೈ ಹಿಡಿಯದಿದ್ದರೆ ಊರಿಗೆ ಕಳಿಸಿಬಿಡುವುದೇ ಒಳ್ಳೆಯದು ಎಂದರು.

ನಾನು ಚಿಂತೆ ಮಾಡುವುದರಲ್ಲಿ ಪಳಗಿದವನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಆಫೀಸಿನ ಬಾಗಿಲಿನಿಂದ ಮನೆಗೆ ಹಿಂದಿರುಗಿದ್ದುಂಟು. ಹಿಂದಿರುಗಿ ನೋಡಿ, ಮತ್ತೆ ಆಫೀಸಿಗೆ ಹೋಗುವಾಗ, ನೋಡಿದ್ದು ನಿಜವೋ ಎಂದು ಯೋಚಿಸಿದ್ದೂ ಉಂಟು. ಆದರೆ ನಿಜವಾದ ಚಿಂತೆಯೊಂದು ಮನೆಗೆ ಬಂದು ಕೂತಾಗ ಈ ಚಿಲ್ಲರೆ ಚಿಂತೆಗಳೆಲ್ಲ ಎದ್ದು ಜಾಗ ಬಿಟ್ಟುಕೊಟ್ಟವು. ನಾವಿದ್ದದ್ದು ಬಿನ್ ಮಹಮೂದ್ ಬಡಾವಣೆಯ ಒಂದು ಹಳೆಯ ಫ್ಲಾಟಿನಲ್ಲಿ. ಸುತ್ತ ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದ ನಮ್ಮವರೇ ಬೇಕಾದಷ್ಟು ಇದ್ದರು. ಅವರ ಶುಕ್ರವಾರಗಳನ್ನು ನಾನು ಬಾಲ್ಕನಿಯಿಂದ ಕಂಡಿದ್ದೆ: ಒಣಹಾಕಿದ ಲುಂಗಿ, ವಾರಕ್ಕಾಗುವಷ್ಟು ಬೇಳೆ, ಟೆಲಿಫೋನಿನ ಎದುರು ಉದ್ದ ಸಾಲು. ಆ ಸಾಲಿನ ಕೊನೆಯಲ್ಲಿ ನನಗೊಂದು ಜಾಗ ಖಾಲಿ ಕಾಣತೊಡಗಿತು.

"ಏನು ತಿನ್ನಬೇಕು ಅಂತ ಅನಿಸ್ತದೆ, ಹೇಳು" ಎಂದು ಅಂಗಲಾಚಿದೆ. ನಮ್ಮ ಮನೆಮಾತು ಕೊಂಕಣಿ. ಲಿಲ್ಲಿಯ ಮಾತು ಕನ್ನಡಕ್ಕೆ ಇಳಿಸುವಾಗ ಖಾರ ಅರ್ಧ ಸೋರಿಹೋಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

"ಮೀನು" ಎಂದಳು. "ಆದರೆ ಇಲ್ಲಿಯ ಮೀನಿಗೆ ಐಸಿನ ವಾಸನೆ. ಅಪ್ಪ ದೋಣಿಯಿಂದಲೇ ತರುತ್ತಿದ್ದರಲ್ಲ, ಹಾಗೆ ಈಗಷ್ಟೇ ನೀರಿನಿಂದ ಬಂದದ್ದು ಬೇಕು."

ದೋಹಾದ ಮಾರುಕಟ್ಟೆಯ ಮೀನಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ಕಾಯಿಲೆ ಬಿದ್ದ ನಾಲಗೆಯಲ್ಲಿ. ಆದರೆ ನಾಲಗೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ನಮ್ಮ ಕಟ್ಟಡದ ಕೆಳಗೆ ಹಸನಾಕನ ಹಾರ್ಡ್‌ವೇರ್ ಅಂಗಡಿ. ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು, ದೋಹಾಕ್ಕೆ ಬಂದು ಯಾವುದೋ ಕಾಲವಾಗಿತ್ತು. ಕ್ರಿಸ್ತುವರನ್ನು ಊರಿನ ತುಳುವಿನಲ್ಲಿ ಕರೆಯುವಂತೆ ನನ್ನನ್ನು 'ಪೊರ್ಬು' ಎಂದೇ ಕರೆಯುತ್ತಿದ್ದರು.

"ಹಸನಾಕ, ಗಾಳ ಉಂಟಾ?"

"ಉಂಟು. ಯಾರಿಗೆ?"

"ನನಗೇ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಪೊರ್ಬುಗಳೇ, ಆಫೀಸಲ್ಲಿ ಗುಂಡುಸೂಜಿ ತಾಗಿದರೆ ಇಂಜೆಕ್ಷನ್ ತಗೊಳ್ಳುವವರು ನೀವು. ನಿಮಗೆ ಗಾಳ ಎಂತಕ್ಕೆ?"

ವಿಷಯ ಹೇಳಿದೆ. ಜೊತೆಗೆ, ಜೀವ ಇರುವ ಸಿಗಡಿಯನ್ನು ಗಾಳಕ್ಕೆ ಚುಚ್ಚುವುದು ನನ್ನಿಂದಾಗದು ಎಂಬುದನ್ನೂ ಹೇಳಿದೆ. ಬೆಂದ ಸಿಗಡಿಯ ಬಗ್ಗೆ ನನಗೆ ಇಂಥ ಕರುಣೆ ಎಂದೂ ಉಕ್ಕಿದ್ದಿಲ್ಲ. ಆದರೂ ಬೆರಳ ನಡುವೆ ಮಿಸುಕುವುದನ್ನು ನೆನೆದರೆ ಕೈ ತಣ್ಣಗಾಗುತ್ತಿತ್ತು.

"ಜೀವ ಇಲ್ಲದ್ದೂ ಉಂಟು, ಬನ್ನಿ" ಎಂದು ಹಸನಾಕ ಅಟ್ಟದಿಂದ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ಇಳಿಸಿದರು. "ದುಬೈಯಿಂದ ಬೇರೆ ಮಾಲಿನ ಜೊತೆ ಬಂದದ್ದು. ಇದನ್ನು ತಗೊಂಡು ಹೋದವರು ಯಾರೂ ವಾಪಸ್ ಬರಲಿಲ್ಲ. ಅವರಿಗೆ ಮೀನು ಸಿಕ್ಕಿತಾ, ಮೀನಿಗೆ ಅವರೇ ಸಿಕ್ಕಿದರಾ, ನನಗೆ ಗೊತ್ತಿಲ್ಲ."

ಪೆಟ್ಟಿಗೆ ತೆರೆದಾಗ ನಾನು ಬೆರಗಾದೆ. ಮೆತ್ತನೆಯ ರಬ್ಬರಿನ ಮೀನುಗಳು! ಬೆಳ್ಳಿ ಬಣ್ಣದ್ದು, ಹಸಿರು ಬೆನ್ನಿನದ್ದು, ಹೊಟ್ಟೆಯೊಳಗೆ ಮಿನುಗು ಪುಡಿ ತುಂಬಿದ್ದು, ಬೆರಳಿಗೆ ಸುತ್ತಿಕೊಳ್ಳುವ ಹುಳದಂಥದ್ದು, ಬಾಲ ಮುಟ್ಟಿದರೆ ಸಾಕು ಇಡೀ ಮೈ ನಡುಗುವಂಥದ್ದು. ಒಂದೊಂದರ ಮೇಲೂ ಕೂದಲೆಳೆಯಷ್ಟು ನವಿರಾದ ಹುರುಪೆ. ಎಲ್ಲೋ ಒಬ್ಬ ಮನುಷ್ಯ ತನ್ನ ಜೀವಮಾನವನ್ನು ಮೀನಿನ ಅಭಿರುಚಿಯ ಮೇಲೆ ಕಳೆದಿದ್ದಾನಲ್ಲ! ಮನುಷ್ಯರ ಅಭಿರುಚಿಯ ಬಗ್ಗೆಯೇ ನಮಗೆ ಇಷ್ಟು ವ್ಯವಧಾನ ಇಲ್ಲ.

ನಾನು ಆರಿಸತೊಡಗಿದೆ. ಹೇಗೆ? ನಮ್ಮ ಕಡೆಯವರು ಆರಿಸುವ ಹಾಗೆ. ಕಣ್ಣು ಹೊಳೆಯುತ್ತಿದೆಯೇ ನೋಡಿದೆ. ಹೊಟ್ಟೆ ಒತ್ತಿ ಗಟ್ಟಿ ಇದೆಯೇ ನೋಡಿದೆ. ನನಗೇ ಅರಿವಿಲ್ಲದೆ ಉಗುರಿನಿಂದ ಕಿವಿರು ಎತ್ತಲು ಹೋದೆ.

"ಎಂತ ನೋಡುದು ಮಾರಾಯ್ರೆ? ಅದು ಹಾಳಾಗುದಿಲ್ಲ!" ಎಂದು ಹಸನಾಕ ನಕ್ಕರು.

ನಾನು ತಿನ್ನುವವನ ಕಣ್ಣಿನಿಂದ ಆರಿಸುತ್ತಿದ್ದೆ. ಸಾರಿಗೆ ಯಾವುದು ಚೆಂದ ಎಂದು ನೋಡಿ ಬೆಳ್ಳಿ ಬೂತಾಯಿಯಂಥದ್ದನ್ನೂ ಎಳೆ ಬಂಗುಡೆಯಂಥದ್ದನ್ನೂ ತೆಗೆದುಕೊಂಡೆ. ಮಣ್ಣಿನ ಬಣ್ಣದವನ್ನು ಮುಟ್ಟಲಿಲ್ಲ, ಅವು ನಿನ್ನೆಯ ಮೀನಿನಂತೆ ಕಂಡವು.

ಕೋಲು ಮತ್ತು ನೂಲಿನ ವಿಷಯದಲ್ಲಿ ನನ್ನ ಗುರು ಒಂದು ಪತ್ರಿಕೆ. ನಮ್ಮ ಆಫೀಸಿನ ಇಂಗ್ಲಿಷ್ ಮ್ಯಾನೇಜರು ದೇಶಕ್ಕೆ ಮರಳುವಾಗ ಮೇಜಿನೊಳಗೆ ಬಿಟ್ಟು ಹೋದದ್ದು. ಅದರ ತುಂಬ ಬಾಸ್ ಎಂಬ ಅಮೆರಿಕದ ಸಿಹಿನೀರಿನ ಮೀನಿನ ಪುರಾಣ. ಅದು ತಾವರೆ ಎಲೆಯ ನೆರಳಲ್ಲಿ ಅಡಗುತ್ತದಂತೆ; ಕದಡಿದ ನೀರಿಗೆ ಕಡು ಬಣ್ಣ, ತಿಳಿ ನೀರಿಗೆ ಸಹಜ ಬಣ್ಣ ಒಡ್ಡಬೇಕಂತೆ; ದಂಡೆಯ ಮೇಲೆ ನಿಲ್ಲುವವನು ತನ್ನ ನೆರಳು ನೀರಿಗೆ ಬೀಳದಂತೆ ನೋಡಿಕೊಳ್ಳಬೇಕಂತೆ. ನಾನು ರಾತ್ರಿಯೆಲ್ಲ ಓದಿ ಬಾಸ್ ಮೀನಿನ ಪಂಡಿತನಾದೆ. ತಾವರೆಯೂ ಇಲ್ಲದ, ಕೆರೆಯೂ ಇಲ್ಲದ, ಬಾಸ್ ಅಂತೂ ಕನಸಿನಲ್ಲೂ ಬಾರದ ಮರಳುಗಾಡಿನಲ್ಲಿ ಕೂತು ಒಬ್ಬ ಗುಮಾಸ್ತ ಈ ವಿದ್ಯೆ ಸಂಪಾದಿಸಿದ್ದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಗೌರವ ಮೂಡುತ್ತದೆ. ಸಮಾಧಾನವೆಂದರೆ ನಮ್ಮ ಕೊಲ್ಲಿಯ ಹಮೂರು ಎಂಬ ಮೀನಿನ ನಡತೆಯೂ ಹೆಚ್ಚು ಕಡಿಮೆ ಅದೇ: ದೊಡ್ಡ ಬಾಯಿ, ಕಲ್ಲಿನ ಸಂದಿಯಲ್ಲಿ ವಾಸ, ಹಾದು ಹೋಗುವವರ ಮೇಲೆ ಒಂದು ಕಣ್ಣು.

ನೂಲು ಕೊಳ್ಳುವಾಗ ನನ್ನ ಸ್ವಭಾವ ಹೊರಬಿತ್ತು. ದಪ್ಪದ್ದಾದರೆ ಮೀನಿಗೆ ನೂಲು ಕಾಣುತ್ತದೆ. ತೆಳ್ಳಗಿನದಾದರೆ ನನಗೆ ಮೀನು ಕಾಣದೆ ಹೋಗುತ್ತದೆ. ಕೋಲು ಗಿಡ್ಡವಾದರೆ ಎಸೆತ ಸಾಲದು. ಉದ್ದವಾದರೆ ಲಿಫ್ಟಿಗೆ ಹಿಡಿಸದು. ಹಸನಾಕನಿಗೆ ಮುಸ್ಸಂಜೆಯ ಮಗ್ರಿಬ್ ನಮಾಜಿನ ಹೊತ್ತಾಯಿತು. "ಖಲಾಸ್ ಪೊರ್ಬುಗಳೇ, ಮಗಳಿಗೆ ಗಂಡು ನೋಡುವಾಗಲೂ ನಾನು ಇಷ್ಟು ಯೋಚನೆ ಮಾಡಲಿಲ್ಲ" ಎಂದು ನಡುವಿನ ಅಳತೆಯದನ್ನು ಕೈಗಿತ್ತು ಶಟರ್ ಎಳೆದರು.

ಶುಕ್ರವಾರ ಬೆಳಗಾಗುತ್ತಲೇ ಅಲ್ ಖೋರ್ ಕಡೆಯ ಕಲ್ಲು ದಂಡೆಗೆ ಹೋದೆ. ಸೀಸದ ತಲೆಯಿರುವ ಗಾಳಕ್ಕೆ ಬೆಳ್ಳಿ ಬೂತಾಯಿಯನ್ನು ಸಿಕ್ಕಿಸಿ ಎಸೆದೆ. ಮೊದಲನೆಯ ಎಸೆತ ನನ್ನ ಅಂಗಿಯ ಬೆನ್ನನ್ನು ಹಿಡಿಯಿತು. ಎರಡನೆಯದು ನೀರಿಗೆ ಬಿತ್ತು. ನೀರೆಂದರೆ ಅದೆಂಥ ನೀರು! ಗಾಳಿ ಇಲ್ಲ, ಅಲೆ ಇಲ್ಲ. ತಳದ ಒಂದೊಂದು ಕಲ್ಲೂ ಗಾಜಿನ ಕೆಳಗೆ ಇಟ್ಟಂತೆ. ನನ್ನ ರಬ್ಬರ್ ಮೀನು ಬಾಲ ಬಡಿಯುತ್ತ ಬರುತ್ತಿತ್ತು. ಆಗ ಒಂದು ಕಲ್ಲು ಕದಲಿತು.

ಅದು ಕಲ್ಲಲ್ಲ, ಹಮೂರು. ಇಷ್ಟು ಹೊತ್ತೂ ನನ್ನ ಕಣ್ಣೆದುರೇ ಇದ್ದು ಕಲ್ಲಾಗಿತ್ತು, ಈಗ ಮೀನಾಯಿತು. ಅವಸರವಿಲ್ಲದೆ ನನ್ನ ಬೂತಾಯಿಯ ಹಿಂದೆ ಬಂತು. ಹತ್ತಿರ ನಿಂತು, ಕಣ್ಣು ಹೊರಳಿಸಿ ನೋಡಿತು. ಮೇಲಿನಿಂದ ಒಮ್ಮೆ, ಬದಿಯಿಂದ ಒಮ್ಮೆ. ಮೀನು ಮಾರುಕಟ್ಟೆಯಲ್ಲಿ ನಮ್ಮ ಹೆಂಗಸರು ಬೇಡದ ಮೀನನ್ನು ನೋಡಿ ಮುಂದೆ ಹೋಗುತ್ತಾರಲ್ಲ, ಹಾಗೆ ತಿರುಗಿ ಹೋಗಿ ಮತ್ತೆ ಕಲ್ಲಾಯಿತು. ನಾನು ಕೋಲು ಹಿಡಿದು ನಿಂತೇ ಇದ್ದೆ. ಇಷ್ಟು ವರ್ಷ ಮೀನನ್ನು ನಾನು ನೋಡಿ ಆರಿಸಿದ್ದೆ. ಒಂದು ಮೀನು ನನ್ನ ಆಯ್ಕೆಯನ್ನು ನೋಡಿ ಬೇಡವೆಂದದ್ದು ಇದೇ ಮೊದಲು. ಬೇಸರ ಆಗಬೇಕಿತ್ತು, ಆಗಲಿಲ್ಲ. ದೇವಸನ್ನಿಧಿಯಲ್ಲಿ ಆಗುವಂತೆ ಮೈ ಜುಮ್ಮೆಂದಿತು.

ಮತ್ತೂ ಕೆಲವು ಶುಕ್ರವಾರ ಇದೇ ದರ್ಶನ. ಮನೆಗೆ ಬಂದು ಲಿಲ್ಲಿಗೆ ವರ್ಣಿಸುತ್ತಿದ್ದೆ. ಅವಳು ದಿಂಬಿಗೆ ಒರಗಿ ಕೇಳುತ್ತಿದ್ದಳು. ಅವಳ ತಟ್ಟೆ ಮಾತ್ರ ಹಾಗೆಯೇ ಇರುತ್ತಿತ್ತು. ಆಫೀಸಿನಲ್ಲಿ ಟಿಕೆಟ್ ಮಾಡಿಸುವವನ ಮೇಜಿನ ಎದುರು ಹಾದು ಹೋಗಲು ನನಗೆ ಭಯವಾಗತೊಡಗಿತ್ತು.

ಅಷ್ಟರಲ್ಲಿ ಮೇ ಬಂತು. ನಾನೊಂದು ದಿನ ರಬ್ಬರ್ ಮೀನುಗಳ ಡಬ್ಬಿಯನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮರೆತು ಆಫೀಸಿಗೆ ಹೋದೆ. ಗ್ಯಾಸಿನ ಬಗ್ಗೆ ಚಿಂತಿಸುವವನಿಗೆ ಬಿಸಿಲಿನ ನೆನಪಾಗಲಿಲ್ಲ. ಸಂಜೆ ನೋಡಿದರೆ ಬೆಳ್ಳಿ, ಹಸಿರು, ಮಿನುಗು ಎಲ್ಲ ಕರಗಿ, ಒಂದರೊಳಗೊಂದು ಸೇರಿ, ಮುದ್ದೆಯಾಗಿ ಕೂತಿದ್ದವು. ಎಲ್ಲ ಬಣ್ಣ ಕಲಸಿದರೆ ಕೆಸರು ಬಣ್ಣವೇ ಉಳಿಯುವುದು. ಹೊಸದಕ್ಕೆ ಹಸನಾಕನಲ್ಲಿಗೆ ಹೋದೆ. "ಮಾಫಿ" ಎಂದು, ಅಂದರೆ ಅರಬಿಯಲ್ಲಿ ಇಲ್ಲವೆಂದು, ಎರಡೂ ಕೈ ಬಿಚ್ಚಿದರು. ಯಾರೋ ಫಿಲಿಪ್ಪೀನಿಯವರು ಬಂದು ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋಗಿದ್ದರಂತೆ.

ಆ ಶುಕ್ರವಾರ ಲಿಲ್ಲಿ ತಾನೂ ಬರುತ್ತೇನೆಂದಳು. "ನಿಮ್ಮ ಹಮೂರನ್ನು ನಾನೂ ನೋಡಬೇಕು. ಊರಿಗೆ ಹೋದ ಮೇಲೆ ಯಾರಾದರೂ ಕೇಳಿದರೆ ಏನು ಹೇಳಲಿ?"

ಊರಿಗೆ ಹೋದ ಮೇಲೆ! ನಾನು ಕಾರು ಬಿಟ್ಟೆ.

ದಂಡೆಯಲ್ಲಿ ಅವಳನ್ನು ಕಲ್ಲಿನ ನೆರಳಿಗೆ ಕೂರಿಸಿ, ಕತ್ತರಿಯಿಂದ ಆ ಮುದ್ದೆಯ ಒಂದು ಚೂರು ಕತ್ತರಿಸಿ, ಗಾಳಕ್ಕೆ ಸಿಕ್ಕಿಸಿದೆ. ತಲೆ ಯಾವುದು ಬಾಲ ಯಾವುದು ನನಗೇ ತಿಳಿಯದ ವಸ್ತು. ನಾಚಿಕೆಯಿಂದಲೇ ಎಸೆದೆ.

"ಅಗೋ, ಕಲ್ಲು ಬಂತು!" ಎಂದಳು ಲಿಲ್ಲಿ.

ಬಂತು. ಈ ಸಲ ನಿಲ್ಲಲಿಲ್ಲ, ನೋಡಲಿಲ್ಲ, ಯೋಚಿಸಲಿಲ್ಲ. ಬಾಯಿ ತೆರೆದದ್ದು ಕಂಡಿತು. ಮುಚ್ಚಿದ್ದು ನನ್ನ ಭುಜಕ್ಕೆ ಗೊತ್ತಾಯಿತು. ಕೋಲು ಬಿಲ್ಲಾಯಿತು. "ಬಿಡಬೇಡಿ! ಬಿಡಬೇಡಿ ಮಾರಾಯ್ರೆ!" ಎಂದು ಲಿಲ್ಲಿ ಎದ್ದು ಬಂದು ನನ್ನ ಬೆಲ್ಟು ಹಿಡಿದು ಎಳೆಯತೊಡಗಿದಳು, ನಾನೇ ನೀರಿಗೆ ಹೋಗುತ್ತಿದ್ದೇನೋ ಎಂಬಂತೆ. ಹೋಗುತ್ತಲೂ ಇದ್ದೆ.

ಕಲ್ಲಿನ ಮೇಲೆ ತಂದು ಹಾಕಿದಾಗ ಅದರ ಮೈಯ ಮೇಲೆ ಕಂದು ಪಟ್ಟೆಗಳು ಮೂಡಿದವು, ಮಾಸಿದವು, ಚುಕ್ಕೆಗಳಾದವು, ಮತ್ತೆ ಪಟ್ಟೆಗಳಾದವು. ಮೋಡದ ನೆರಳು ಬೆಟ್ಟದ ಮೇಲೆ ಓಡುವಂತೆ ಬಣ್ಣ ಓಡುತ್ತಿತ್ತು. ಬಟ್ಟಲಲ್ಲಿ ಮುಗಿಯುವ ಪ್ರಾಣಿ ಎಂದುಕೊಂಡಿದ್ದೆನಲ್ಲ, ಇದು ಅದೇನಾ? ಲಿಲ್ಲಿಯ ಕಣ್ಣು ತುಂಬಿತ್ತು. ಆದರೆ ಅವಳು ಸಮುದ್ರದ ಬದಿಯ ಮನೆಯವಳು. "ಪಾಪ, ಒದ್ದಾಡಿಸಬೇಡಿ" ಎಂದು ತಾನೇ ಕಲ್ಲು ತೆಗೆದುಕೊಂಡು ಒಂದೇ ಪೆಟ್ಟಿಗೆ ಮುಗಿಸಿ, ಮೆಲ್ಲಗೆ ಶಿಲುಬೆಯ ಗುರುತು ಮಾಡಿದಳು.

ಮನೆಗೆ ಬಂದು ಅವಳನ್ನು ಮಲಗಿಸಿ ನಾನೇ ಸಾರು ಮಾಡಿದೆ. ತಟ್ಟೆ ಎದುರಿಗಿಟ್ಟು, ಸೌಟು ಹಿಡಿದು ನಿಂತೆ. ಒಂದು ತುತ್ತು. ಎರಡು ತುತ್ತು. ಇನ್ನು "ಸಾಕು" ಬರಬೇಕು.

"ಕೊತ್ತಂಬರಿ ಹುರಿಯಲೇ ಇಲ್ಲವಾ?" ಎಂದಳು.

ನಾನು ಪಾತ್ರೆಗೆ ಸೌಟು ಹಾಕಿ ಕಲಕಿದೆ.

"ಹುಳಿ ಎಂತ, ಇಡೀ ಉಂಡೆಯನ್ನೇ ಹಾಕಿದ್ದೀರಾ? ಉಪ್ಪಿಲ್ಲ, ಎಂತದೂ ಇಲ್ಲ. ಇಂಥ ಮೀನನ್ನು ಹೀಗೆ ಹಾಳು ಮಾಡಲಿಕ್ಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?"

ಒಂದೊಂದು ಬೈಗುಳಕ್ಕೂ ಒಂದೊಂದು ತುತ್ತು ಇಳಿಯುತ್ತಿತ್ತು. ಕಾಯಿಲೆ ಬಿದ್ದ ಮೇಲೆ ಅವಳು ನನ್ನ ಅಡುಗೆಯಲ್ಲಿ ಒಂದೇ ಒಂದು ತಪ್ಪು ಹುಡುಕಿರಲಿಲ್ಲ. ಎಲ್ಲದಕ್ಕೂ "ಒಳ್ಳೆದುಂಟು" ಎನ್ನುತ್ತಿದ್ದಳು. ಆ ಹೊಗಳಿಕೆಯೇ ನನ್ನನ್ನು ಇಷ್ಟು ದಿನ ಹೆದರಿಸುತ್ತಿತ್ತೆಂದು ಆಗ ತಿಳಿಯಿತು. ಬದುಕಿನ ಮೇಲೆ ಆಸೆ ಇರುವವರೇ ಉಪ್ಪಿನ ಲೆಕ್ಕ ಕೇಳುವುದು. ತಲೆ ತಗ್ಗಿಸಿ, ಪೂಜೆಯಲ್ಲಿ ನಿಂತವನಂತೆ ಎಲ್ಲವನ್ನೂ ಕೇಳಿಸಿಕೊಂಡೆ.

"ಇನ್ನೊಂದು ತುಂಡು ಹಾಕಿ" ಎಂದಳು ಲಿಲ್ಲಿ. "ಅದಕ್ಕಾದರೂ ಉಪ್ಪು ಹಿಡಿದಿದೆಯಾ ನೋಡ್ತೇನೆ."

ಅದಕ್ಕೂ ಹಿಡಿದಿರಲಿಲ್ಲವಂತೆ. ಬಾಲದ ತುಂಡಿಗೂ ಇಲ್ಲ, ತಲೆಗೂ ಇಲ್ಲವಂತೆ. ನನ್ನ ಪಾಳಿ ಬರುವಷ್ಟರಲ್ಲಿ ಪಾತ್ರೆ ಖಾಲಿಯಾಗಿದ್ದರಿಂದ ಅವಳ ಮಾತನ್ನೇ ನಂಬಬೇಕಾಯಿತು.