ಗೇಜಿಗೆ ಕಾಣದ ಒಡ್ಡು

ಕೊರೊನಾ ಕಳೆದ ಮರುವರ್ಷ ನಡೆದದ್ದು ಇದು. ಆಗ ನಾನು ಸಿದ್ದಾಪುರ ತಾಲೂಕಿನಲ್ಲಿ, ಕಾನಸೂರಿನಿಂದ ಒಳಗೆ ಹೋದರೆ ಸಿಗುವ ನಮ್ಮ ಹೊಳೆಯ ದಂಡೆಯಲ್ಲಿ ಗೇಜ್ ರೀಡರ್ ಆಗಿದ್ದೆ. ಹೆಸರು ಕೇಳಿದರೆ ದೊಡ್ಡ ಹುದ್ದೆ ಅನ್ನಿಸುತ್ತದೆ, ಹಾಗೇನೂ ಇಲ್ಲ. ಹೊಳೆಯಲ್ಲಿ ಒಂದು ಕಂಬ ನಿಲ್ಲಿಸಿ ಅದಕ್ಕೆ ಬಿಳಿ-ಕಪ್ಪು ಪಟ್ಟಿ ಬಡಿದಿರುತ್ತಾರೆ. ಪಟ್ಟಿಯ ಮೇಲೆ ಮೀಟರು, ಸೆಂಟಿಮೀಟರು. ನೀರು ಯಾವ ಗೆರೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ಮಳೆಗಾಲದಲ್ಲಿ ಗಂಟೆಗೊಮ್ಮೆ. ತಿಂಗಳ ಕೊನೆಗೆ ಆ ಹಾಳೆಗಳನ್ನು ಬಸ್ಸಿನಲ್ಲಿ ಶಿರಸಿಯ ಕಚೇರಿಗೆ ಮುಟ್ಟಿಸಬೇಕು.

ಮೊದಲು ಈ ಕೆಲಸ ನನ್ನ ಗಂಡನದ್ದು. ಅವರು ತೀರಿಕೊಂಡ ಮೇಲೆ ಕಚೇರಿಯವರು ಬಂದು, ಅಂಕಿ ಬರುತ್ತದೆಯಾ ಎಂದು ಕೇಳಿದರು. ನಾನು ಓದಿದ್ದು ಎರಡನೇ ಇಯತ್ತೆ. ಅಂಕಿ ಬರುತ್ತದೆ, ಅಕ್ಷರ ಸೊಟ್ಟ ಬರುತ್ತದೆ ಎಂದೆ. ಅಂಕಿ ಸಾಕು ಎಂದರು. ಹಾಗೆ ಹದಿನೆಂಟು ವರ್ಷ ಆ ಮೆಟ್ಟಿಲು ಇಳಿದೆ, ಹತ್ತಿದೆ. ಈ ಕೆಲಸದಲ್ಲಿ ಮಾತಿಲ್ಲ. ನನಗೆ ಮಕ್ಕಳೂ ಇಲ್ಲ. ಕೆಲವು ದಿನ ಸಂಜೆ ಬಾಯಿ ತೆರೆದರೆ ಸ್ವರವೇ ಹೊರಡುತ್ತಿರಲಿಲ್ಲ. ಹೊಳೆ ಮಾತಾಡುತ್ತದೆ ಎಂದು ಪುಸ್ತಕ ಬರೆಯುವವರು ಹೇಳುತ್ತಾರಂತೆ. ನನ್ನ ಹತ್ತಿರ ಒಂದು ದಿನವೂ ಆಡಲಿಲ್ಲ.

ಪುಸ್ತಕದಲ್ಲಿ ತಾರೀಕು, ಹೊತ್ತು, ಮಟ್ಟ ಬರೆಯಲು ಮನೆಗಳಿದ್ದವು. ಕೊನೆಯಲ್ಲಿ ಅಗಲವಾದ ಇನ್ನೊಂದು ಮನೆ, ಅದರ ತಲೆಯ ಮೇಲೆ ‘ಷರಾ’ ಎಂದು ಬರೆದಿತ್ತು. ಅಂಕಿಯಲ್ಲಿ ಹೇಳಲಾಗದ್ದನ್ನು ಅಲ್ಲಿ ಬರೆಯಬೇಕು. ಶುರುವಿನಲ್ಲಿ ಒಮ್ಮೆ ನಾನು ಅಲ್ಲಿ ‘ಮರ ಬಿದ್ದಿದೆ’ ಎಂದು ಬರೆದಿದ್ದೆ. ಶಿರಸಿಯ ಗುಮಾಸ್ತರು ಅದನ್ನು ನೋಡಿ, “ಇದೆಂತ ಕೋಳಿ ಕೆದರಿದ ಹಾಂಗೆ? ಷರಾ ಸಾಹೇಬ್ರ ಜಾಗ. ನೀ ಅಂಕಿ ಬರೆ, ಸಾಕು” ಎಂದು ನಾಲ್ಕು ಜನರ ಮುಂದೆ ಹೇಳಿದರು. ಆಮೇಲೆ ನಾನು ಆ ಮನೆಯನ್ನು ಮುಟ್ಟಲಿಲ್ಲ. ಸಾಹೇಬರೂ ಮುಟ್ಟಲಿಲ್ಲ. ಅದು ಖಾಲಿಯೇ ಇತ್ತು.

ಈಗ ಒಡ್ಡಿನ ಮಾತು. ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ನಮ್ಮ ಊರಿನವರು ಸೇರಿ ಹೊಳೆಗೆ ಅಡ್ಡ ಒಡ್ಡು ಕಟ್ಟುತ್ತಾರೆ. ಗೂಟ ಹೊಡೆದು, ಅಡಿಕೆ ಮರ ಸೀಳಿದ ದಬ್ಬೆ ಅಡ್ಡ ಇಟ್ಟು, ಸೊಪ್ಪು ತುಂಬಿ, ಜೇಡಿಮಣ್ಣು ಮೆತ್ತುತ್ತಾರೆ. ಮನೆಗೊಂದು ಆಳು. ಬೇಸಿಗೆಯಿಡೀ ನೀರು ನಿಲ್ಲುತ್ತದೆ, ಬಾವಿಗಳು ಬತ್ತುವುದಿಲ್ಲ. ಮೊದಲ ಮಳೆಗೆ ಒಡ್ಡು ಕೊಚ್ಚಿಹೋಗುತ್ತದೆ. ಮೊದಲು ಅದನ್ನು ಗೇಜಿನಿಂದ ಮೇಲೆ ಕಟ್ಟುತ್ತಿದ್ದರು. ಒಂದು ವರ್ಷ ಹೊಳೆ ಜೋರು ಬಂದು ಆ ಜಾಗದ ದಂಡೆ ಕೊರೆದುಹೋಯಿತು. ಅಂದಿನಿಂದ ಗೇಜಿನ ಕೆಳಗೆ, ತಿರುವು ದಾಟಿದ ಮೇಲೆ ಕಟ್ಟತೊಡಗಿದರು. ಕಂಬದ ಹತ್ತಿರ ನಿಂತರೆ ಒಡ್ಡು ಕಾಣುವುದಿಲ್ಲ. ಆದರೆ ಅದು ತಡೆದ ನೀರು ಹಿಂದೆ ಸರಿದು ಕಂಬದವರೆಗೂ ಬಂದು ನಿಲ್ಲುತ್ತದೆ.

ಮೊದಲೆಲ್ಲ ಏಪ್ರಿಲ್‌ನಲ್ಲಿ ಪಟ್ಟಿಯ ಬುಡ ಕಾಣುತ್ತಿತ್ತು. ಆ ವರ್ಷದಿಂದ ಒಂದು ಮೀಟರು ಹತ್ತಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ನಾನು ಕಂಡದ್ದನ್ನು ಬರೆದೆ. ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರು ಬೇಸಿಗೆ ಹೀಗೇ ಹೋಯಿತು.

ಆರನೆಯದು ಮುಗಿಯುವ ಮೊದಲು ಸುದ್ದಿ ಬಂತು. ಬಯಲುಸೀಮೆಯ ಒಂದು ದೊಡ್ಡ ಪಟ್ಟಣಕ್ಕೆ ನಮ್ಮ ಹೊಳೆಯಿಂದ ಪೈಪಿನಲ್ಲಿ ಕುಡಿಯುವ ನೀರು ಒಯ್ಯುತ್ತಾರೆ, ಗೇಜಿನ ಹತ್ತಿರವೇ ಜಾಕ್‌ವೆಲ್ ಕಟ್ಟುತ್ತಾರೆ. ಜಾಕ್‌ವೆಲ್ ಎಂದರೆ ಹೊಳೆಯಿಂದ ನೀರೆತ್ತುವ ದೊಡ್ಡ ಬಾವಿ. ಊರು ಸಿಟ್ಟಾಯಿತು. ನನಗೆ ಆ ಪಟ್ಟಣದ ಮೇಲೆ ಸಿಟ್ಟಿರಲಿಲ್ಲ. ನನ್ನ ನಾದಿನಿ ಅಲ್ಲಿದ್ದಾಳೆ. ಎಂಟು ದಿನಕ್ಕೊಮ್ಮೆ ನಳ ಬರುತ್ತದೆ. ಒಮ್ಮೆ ಹೋದಾಗ ಮಂಚದ ಕೆಳಗೂ ಕೊಡ ಇಟ್ಟದ್ದು ನೋಡಿದ್ದೆ. ಮುಖ ತೊಳೆದ ನೀರನ್ನು ಅವಳು ಚೆಲ್ಲಲು ಬಿಡಲಿಲ್ಲ.

ಒಡ್ಡಿನ ಕೆಲಸಕ್ಕೆ ನಮ್ಮಲ್ಲಿ ಮುಂದಾಳು ಗಣಪತಿ ನಾಯ್ಕ. ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಅವನು ಗೇಜಿನ ಮೆಟ್ಟಿಲಿಗೆ ಬಂದ.

“ಮಾದೇವಕ್ಕ, ನೀರು ಬರೀ ಇಪ್ಪತ್ತು ಸೆಂಟಿಮೀಟರು ಹೇಳಿ ಬರೆ ಮಾರಾಯ್ತಿ. ನೀರಿಲ್ಲ ಅಂದ್ರೆ ಅವ್ರು ಬೇರೆ ಕಡೆ ಹೋಗ್ತ್ರು.”

“ಒಂದು ಮೀಟರು ಹತ್ತು ಇದ್ಯಲ್ಲ.”

“ನೋಡೂಕೆ ಯಾರು ಬತ್ರು?”

“ನಾನು ನೋಡ್ತೆ.”

“ನಿಂಗೆ ಸರ್ಕಾರದ ಪುಸ್ತಕ ದೊಡ್ಡದಾಯ್ತು, ಊರು ಸಣ್ಣದಾಯ್ತು.”

“ಊರು ಇದ್ದಷ್ಟೇ ಇದೆ. ನೀರೂ ಇದ್ದಷ್ಟೇ ಬರೀತೆ” ಎಂದೆ. ಹಾಗೆ ಹೇಳುವಾಗ ನನ್ನದೇ ಸರಿ ಎಂಬ ಜಂಬ ಇತ್ತು.

ಮಳೆಗಾಲ ಕಳೆದ ಮೇಲೆ ಒಡ್ಡು ಕಟ್ಟುವಾಗ ನನ್ನನ್ನು ಕರೆಯಲಿಲ್ಲ. ನಾನೇ ಬುಟ್ಟಿ ಹಿಡಿದು ಹೋದೆ. ಪ್ರತಿ ವರ್ಷ ಜೇಡಿಮಣ್ಣು ತುಳಿಯುವುದು ನನ್ನ ಕೆಲಸ. ಗಣಪತಿಯ ಹೆಂಡತಿ ಬುಟ್ಟಿಯನ್ನು ತೆಗೆದು ಆಚೆ ಇಟ್ಟಳು. “ನಿಮ್ಮನೆ ಆಳು ಬ್ಯಾಡ ಹೇಳಿದಾರೆ ಅಕ್ಕ. ನೀವು ಪಟ್ಟಣದವ್ರ ಬದಿಗೆ” ಎಂದಳು. ಯಾರೋ ನಕ್ಕರು. ಎಲ್ಲರೂ ದಂಡೆಯಲ್ಲಿ ಕೂತು ಗಂಜಿ ಉಣ್ಣುವಾಗ ನಾನು ಮೇಲೆ ಕಂಬದ ಹತ್ತಿರ ಕೂತಿದ್ದೆ. ಅವರ ಮಾತು ಕೇಳುತ್ತಿತ್ತು, ಏನು ಎಂದು ತಿಳಿಯುತ್ತಿರಲಿಲ್ಲ. ಆಮೇಲೆ ಐದಾರು ತಿಂಗಳು ಊರಿನಲ್ಲಿ ಯಾರೂ ನನ್ನನ್ನು ತಾವಾಗಿ ಮಾತಾಡಿಸಲಿಲ್ಲ.

ಏಪ್ರಿಲ್ ಕೊನೆಗೆ ಪಟ್ಟಣದ ನೀರಿನ ಯೋಜನೆಯ ಇಂಜಿನಿಯರ್ ಬಂದರು. ಬಸವರಾಜ ಎಂದು ಹೆಸರು, ಧಾರವಾಡದ ಕಡೆಯವರು. ಮಳೆಗಾಲದಲ್ಲಿ ಒಮ್ಮೆ ಬಂದು ಜಾಗ ಗುರುತು ಮಾಡಿಹೋಗಿದ್ದರು. ಆಗ ಒಡ್ಡು ಇರಲಿಲ್ಲ. ಸರ್ಕಾರದವರು ಕೀಳಿಸಿಯಾರು ಎಂದು ಊರಿನವರು ಅದರ ಸುದ್ದಿಯನ್ನೂ ಎತ್ತಿರಲಿಲ್ಲ. ಈಗ ನನ್ನ ಪುಸ್ತಕ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತರು.

“ಯವ್ವಾ, ಇವು ನೀವ ಬರದದ್ದನ್ರೀ?”

“ನಾನೇ. ಅಕ್ಷರ ನೋಡಿದ್ರೆ ಗೊತ್ತಾಗೂದಿಲ್ವನ?”

ಅವರು ನಕ್ಕರು. “ಅಂಕಿ ಅಂತೂ ನೆಟ್ಟಗ ಅದಾವ. ಈಚಿನ ಐದಾರ ವರ್ಷದ್ದು ನೋಡೀನ್ರಿ, ಬ್ಯಾಸಗ್ಯಾಗ ಸುದ್ದಾ ನೀರು ಇಳದಿಲ್ಲ. ಇಂಥಾ ಹೊಳಿ ನಾ ಎಲ್ಲೂ ನೋಡಿಲ್ಲ.”

ಆಮೇಲೆ ಒಂದು ದೊಡ್ಡ ಹಾಳೆ ಬಿಚ್ಚಿ ತೋರಿಸಿದರು. ನೀರು ಇಷ್ಟು ಎತ್ತರ ಇದ್ದರೆ ಸೆಕೆಂಡಿಗೆ ಇಷ್ಟು ಹರಿಯುತ್ತದೆ ಎಂದು ಮೊದಲೇ ಅಳೆದು ಗೆರೆ ಎಳೆದಿರುತ್ತಾರೆ. ನನ್ನ ಅಂಕಿಯನ್ನು ಆ ಗೆರೆಗೆ ಹಿಡಿದರೆ ಹರಿವು ಸಿಗುತ್ತದೆ. ಹದಿನೆಂಟು ವರ್ಷದಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎತ್ತರ ಬೇಕಾದದ್ದು ನೆರೆಯ ಅಂದಾಜಿಗೆ ಎಂದು ತಿಳಿದಿದ್ದೆ.

“ಇದನ್ನ ನಂಬೇ ನಕಾಶಿಯಾಗ ಇಲ್ಲಿ ಜಾಕ್‌ವೆಲ್ ಹಾಕೀವ್ರಿ. ಇನ್ನ ಹದಿನೈದ ದಿನದಾಗ ಸಹಿ ಆಗ್ತೈತಿ. ಪಟ್ಟಣದ ಮಂದಿ ನೀರು ಕುಡಿಯೂ ಮುಂದ ನಿಮ್ಮನ್ನ ನೆನಸಬೇಕು” ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿದರು.

ಅವರು ಚೀಲದ ಜಿಪ್ಪು ಎಳೆದರು. ಒಡ್ಡಿನ ಮಾತು ಹೇಳಿದರೆ ನನ್ನ ಏಳು ವರ್ಷದ ಅಂಕಿ ಸುಳ್ಳಾಗುತ್ತದೆ. ಊರು ಮುಚ್ಚಿಟ್ಟ ಒಡ್ಡನ್ನು ನಾನೇ ತೋರಿಸಿಕೊಟ್ಟಂತಾಗುತ್ತದೆ. ಹೇಳದಿದ್ದರೆ ಬೆಟ್ಟ ಅಗೆದು ಪೈಪು ಹಾಕುತ್ತಾರೆ, ಅದು ಮೊದಲ ಬೇಸಿಗೆಗೇ ಒಣಗುತ್ತದೆ. ನಾದಿನಿಯಂಥವರು ಅದನ್ನು ನಂಬಿ ಕೂತಿರುತ್ತಾರೆ.

“ಸಾಹೇಬ್ರೆ, ಕಂಬದ ಹತ್ರ ಒಂದು ಎಲೆ ಹಾಕಿ ನೋಡಿ” ಎಂದೆ.

ಅವರು ಒಂದು ತರಗೆಲೆ ಹೆಕ್ಕಿ ಎಸೆದರು. ಅಳತೆಯವರ ಅಭ್ಯಾಸ, ಗಡಿಯಾರ ನೋಡುತ್ತ ನಿಂತರು. ಎಲೆ ಬಿದ್ದಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಗಾಳಿಗೆ ತಿರುಗಿ ನಮ್ಮ ಕಡೆಗೇ ಬಂತು.

“ಇದು ಹರಿಯೂ ನೀರಲ್ಲ. ನಿಂತದ್ದು” ಎಂದೆ.

ತಿರುವು ದಾಟಿಸಿ ಒಡ್ಡಿಗೆ ಕರೆದುಕೊಂಡು ಹೋದೆ. ಅವರು ಅದನ್ನು ದಾಟಿ ಕೆಳಗೆ ಇಳಿದರು. ಬಿಳಿ ಕಲ್ಲು, ಕಲ್ಲಿನ ಮಧ್ಯ ನನ್ನ ಮುಂಗೈ ದಪ್ಪದ ನೀರು. ಅವರ ಬೂಟು ಒದ್ದೆಯಾಗಲಿಲ್ಲ. ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

“ಎಷ್ಟು ವರ್ಷಾತ್ರಿ ಇದು ಇಲ್ಲಿ?”

“ಏಳು.”

“ಏಳು ವರ್ಷದ ಬ್ಯಾಸಗಿ ಲೆಕ್ಕ ಎಲ್ಲಾ ನೀರಾಗ ಹೋತಲ್ರಿ ಯವ್ವಾ!”

“ನೀರಿದ್ದಿದ್ರೆ ಹೋಗ್ತಿತ್ತು.”

ಅವರು ನಗಲಿಲ್ಲ. “ಷರಾದಾಗ ಒಂದ ಸಾಲು ಬರದಿದ್ರ ಸಾಕಿತ್ತಲ್ರಿ” ಎಂದರು. ಗುಮಾಸ್ತರು ಹೇಳಿದ್ದನ್ನು ಹೇಳಿದೆ. ಕೇಳಿಕೊಂಡು ತಲೆ ತಗ್ಗಿಸಿದರು. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನದಿಂದ ಮೂರು ದಿನ ಅಳತೆ ನಡೆಯಿತು. ಒಡ್ಡಿನ ನೀರು ಮುಟ್ಟದಷ್ಟು ಮೇಲೆ ಹೋಗಿ, ನಡುವೆ ವಿ ಆಕಾರಕ್ಕೆ ಕತ್ತರಿಸಿದ ತಗಡನ್ನು ಹೊಳೆಗೆ ಅಡ್ಡ ನಿಲ್ಲಿಸಿದರು. ಸಣ್ಣ ಹರಿವನ್ನು ಹಾಗೆ ಅಳೆಯುತ್ತಾರೆ, ಆ ಸಂದಿಯಲ್ಲಿ ನೀರು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ನೋಡಿ. ತಗಡಿನ ಬದಿಗೆ ಮಣ್ಣು ಮೆತ್ತಿದವಳು ನಾನು. ಆ ವರ್ಷ ನಾನು ತುಳಿದದ್ದು ಅಷ್ಟೇ ಮಣ್ಣು. ಊರಿನ ನಾಲ್ಕೈದು ಜನ ಆಚೆ ದಂಡೆಯಲ್ಲಿ ನಿಂತು ನೋಡಿದರು, ಈಚೆ ಬರಲಿಲ್ಲ. ಮೂರನೇ ದಿನ ಇಂಜಿನಿಯರ್ ಹೇಳಿದರು, ಬೇಸಿಗೆಯಲ್ಲಿ ಈ ನೀರು ಪಟ್ಟಣದ ಒಂದು ಓಣಿಗೆ ಸಾಕಾದರೆ ಹೆಚ್ಚು.

ಶಿರಸಿಯ ಕಚೇರಿಗೆ ನನ್ನನ್ನು ಕರೆಸಿದರು. ಒಂದು ಕಾಗದದಲ್ಲಿ ನನ್ನ ಕೈಯಿಂದಲೇ ಬರೆಸಿದರು: ‘ಕೆಳಗೆ ಒಡ್ಡು ಇದೆ. ನೀರು ನಿಂತದ್ದು. ಹರಿಯುವುದಿಲ್ಲ.’ ಇದನ್ನು ಬರೆಯಲು ಬಹಳ ಹೊತ್ತು ಬೇಕಾಯಿತು, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಅದೇ ಗುಮಾಸ್ತರು ಏಳು ವರ್ಷದ ಹಾಳೆ ಹೊರಗೆ ತೆಗೆದು, ಬೇಸಿಗೆಯ ಒಂದೊಂದು ಅಂಕಿಯ ಮೇಲೂ ಕೆಂಪು ಗೆರೆ ಎಳೆಯುತ್ತ ಕೂತರು. ಮಧ್ಯಾಹ್ನದ ಊಟ ಮಾಡಿ ಬಂದು ಮತ್ತೆ ಎಳೆದರು. ನಾನು ಎದುರಿನ ಬೆಂಚಿನಲ್ಲಿದ್ದೆ. ಜ್ವರ ಬಂದ ದಿನವೂ ಇಳಿದು ನೋಡಿ ಬರೆದ ಅಂಕಿ ಅವು. ಒಂದೂ ತಪ್ಪು ಓದಿದ್ದಲ್ಲ. ಎಲ್ಲವೂ ಹೋದವು.

ಊರಿಗೆ ಬಂದರೆ ಬಸ್ ಇಳಿದಲ್ಲಿ ಗಣಪತಿ ನಿಂತಿದ್ದ.

“ಸುಳ್ಳು ಬರೆ ಅಂದ್ರೆ ಬರೀಲಿಲ್ಲ. ಬಾಯಿ ಮುಚ್ಕಂಡಿರೂಕೂ ನಿಂಗೆ ಆಗ್ಲಿಲ್ಲ. ಈಗ ನಮ್ಮ ಒಡ್ಡು ಸರ್ಕಾರದ ಕಾಗದಕ್ಕೆ ಹತ್ತಿತು.”

“ಪೈಪು ಬರೂದಿಲ್ಲ. ನಿಂಗೆ ಬೇಕಾದ್ದೇ ಆಯ್ತಲ್ಲ.”

“ಇವತ್ತಿಗೆ ಆಯ್ತು. ನಾಳೆ ಒಡ್ಡು ಕೀಳೂಕೆ ಬಂದ್ರೆ ಅಡ್ಡ ನಿಲ್ಲೂಕೆ ಬತ್ಯನ?”

“ಕರೆದ್ರೆ ಬತ್ತೆ.”

ಅವನು ಉಗುಳಿ ಹೊರಟುಹೋದ. ಒಡ್ಡು ಕೀಳಲು ಇದುವರೆಗೆ ಯಾರೂ ಬಂದಿಲ್ಲ. ನನ್ನನ್ನು ಕರೆಯಲೂ ಯಾರೂ ಬಂದಿಲ್ಲ.

ಇಂಜಿನಿಯರ್ ಒಮ್ಮೆ ಫೋನು ಮಾಡಿದರು. ಯೋಜನೆ ಬದಲಾಗಿದೆ. ಬೇಸಿಗೆಯಲ್ಲಿ ಯಾವ ಹೊಳೆಯನ್ನೂ ಮುಟ್ಟದೆ, ಮಳೆಗಾಲದ ಹೆಚ್ಚಿನ ನೀರನ್ನು ಮಾತ್ರ ಒಯ್ದು ಪಟ್ಟಣದ ಹತ್ತಿರದ ಕೆರೆಗಳ ಹೂಳೆತ್ತಿ ತುಂಬಿಸುತ್ತಾರಂತೆ. ಅದಕ್ಕೂ ಮೊದಲು ಪಟ್ಟಣದೊಳಗೆ ಸೋರುವ ಹಳೆಯ ಪೈಪು ಬದಲಿಸಬೇಕಂತೆ. ವರ್ಷಗಟ್ಟಲೆ ಹಿಡಿಯುವ ಕೆಲಸ. ನಾದಿನಿಗೆ ಈಗಲೂ ಎಂಟು ದಿನಕ್ಕೊಮ್ಮೆಯೇ ನೀರು. ಅವಳಿಗೆ ಇದನ್ನೆಲ್ಲ ಹೇಳಿದೆ. ಬತ್ತುವ ಪೈಪಿಗೆ ಕಾಯುವುದಕ್ಕಿಂತ ಇದೇ ವಾಸಿ ಎಂದಳು. ಹಾಗೆನ್ನುವಾಗ ಅವಳ ಸ್ವರದಲ್ಲಿ ಸಂತೋಷವೇನೂ ಇರಲಿಲ್ಲ.

ಗೇಜನ್ನು ಮೇಲಕ್ಕೆ ಸ್ಥಳಾಂತರ ಮಾಡಿ ತಾನೇ ಅಂಕಿ ಕಳಿಸುವ ಯಂತ್ರ ಕೂರಿಸಿದರು. ನನ್ನ ಕೆಲಸ ಮುಗಿಯಿತು. ವಯಸ್ಸೂ ಆಗಿತ್ತು, ದೂರಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು. ನೀರು ಎಷ್ಟಿದೆ ಎಂದು ಕೇಳಿದರು, ಹೇಳಿದೆ. ಎಷ್ಟು ಬರುತ್ತಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದಕ್ಕೆ ಮಾತ್ರ ನಿಜ ಹೇಳುವುದು ಅರ್ಧ ಕೆಲಸ. ಕೇಳದ್ದನ್ನೂ ಹೇಳಬೇಕು, ಹೇಳಿದ ಮೇಲೆ ಒಬ್ಬಳೇ ಇರಬೇಕು. ಒಬ್ಬಳೇ ಇರುವುದು ನನಗೆ ಮೊದಲೇ ಬರುತ್ತಿತ್ತು. ಹೇಳುವುದನ್ನು ಕಲಿಯಲು ಏಳು ವರ್ಷ ಹಿಡಿಯಿತು.