ಮಂಚಮ್ಮನ ಅರಮನೆ ಬಟ್ಟಲು

ಹೆಡತಲೆ ಊರಿನ ಮಂಚಮ್ಮನಿಗೆ ಎರಡು ಹೆಮ್ಮೆ: ಮೊಮ್ಮಗಳು ಹೇಮಲತಾ, ಮತ್ತು ಕಾಲಿರುವ ಒಂದು ದೊಡ್ಡ ಗಾಜಿನ ಬಟ್ಟಲು. ರಾಜರ ಔತಣದ ಮೇಜಿನ ಮೇಲೆ ಹಣ್ಣು ಜೋಡಿಸಲು ಮಾಡಿಸಿದ್ದಂತೆ. ಅರಮನೆಯ ಅಡುಗೆಮನೆಯಲ್ಲಿದ್ದ ಅವಳ ಮಾವನಿಗೆ ಇನಾಮಾಗಿ ಬಂತಂತೆ. ಮೈತುಂಬ ಕೊರೆದ ಹೂಬಳ್ಳಿ, ಅಂಚಿಗೆ ಚಿನ್ನದ ಗೆರೆ. ನಂಜನಗೂಡಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ನಾನು ಅದನ್ನು ಕೇಳಲು ಹೋದಾಗಲೆಲ್ಲ ಮಂಚಮ್ಮ ಕಾಫಿ ಕುಡಿಸಿ ಬರಿಗೈಯಲ್ಲಿ ಕಳಿಸುತ್ತಿದ್ದಳು.

"ಮಾರೋದಾ? ಬೀಗರೂಟದಲ್ಲಿ ಏನ್ ಮಡಗ್ಲಿ ಸಾವ್ಕಾರ್ರೆ, ನಿಮ್ ತಲೆನಾ?"

ಊರಲ್ಲಿ ಯಾರ ಮನೆಯ ಬೀಗರೂಟವಾದರೂ ಎಲೆಯಡಿಕೆ ಇಡಲು ಆ ಬಟ್ಟಲೇ ಹೋಗಬೇಕು. ಈ ಸಲ ಹೇಮಲತಾಳದೇ ಬೀಗರೂಟ. ಮಂಚಮ್ಮ ನನ್ನನ್ನೂ ಕರೆದಿದ್ದಳು. ಮೂಗೂರಿನಿಂದ ಬಂದ ಬೀಗಿತಿ ಇಂದ್ರಾಣಿ ಮದುವೆಯಲ್ಲೇ ಅಡುಗೆಯವರನ್ನು ಅಳಿಸಿದ ಬಾಯಿಯವಳು. ಅಂಥವಳ ಮುಂದೆ ಏನಾದರೂ ಕೊರತೆಯಾದರೆ ಮೊಮ್ಮಗಳು ಜೀವನವಿಡೀ ಮಾತು ಕೇಳಬೇಕಲ್ಲ! ಮಂಚಮ್ಮನಿಗೆ ಎಲೆಯಡಿಕೆ ಸಾಲದೆನಿಸಿತು. ಆಗತಾನೇ ಕಟ್ಟಿದ, ಹಬೆಯಾಡುವ ರಾಗಿಮುದ್ದೆಗಳನ್ನು ಬಟ್ಟಲಲ್ಲಿ ಗೋಪುರ ಮಾಡಿ ಹೊತ್ತು ತಂದಳು.

"ಅಜ್ಜೀ, ಗಾಜು ಕಣಜ್ಜಿ! ಬಿಸಿ ತಡಿಯಲ್ಲ!" ಹೇಮಲತಾ ಕೂಗಿದಳು.

"ರಾಜ್ರು ಉಂಡ ಬಟ್ಲು ಕಣವ್ವ, ಮುದ್ದೆಗೆ ಎದರ್ತದಾ?"

ಅದು ದ್ರಾಕ್ಷಿ ಹೊತ್ತು ಬೆಳೆದ ಬಟ್ಟಲು. ಹೆಡತಲೆಯ ಮುದ್ದೆಯ ಕಾವು ಅದಕ್ಕೇನು ಗೊತ್ತು? ಇಂದ್ರಾಣಿಯ ಎಲೆಯ ಮುಂದೆ ಇಟ್ಟದ್ದೇ ತಡ, 'ಟಣ್' ಎಂದು ಎರಡು ಹೋಳಾಯಿತು. ಮುದ್ದೆಗಳು ಚಾಪೆಯ ಮೇಲೆ ಉರುಳಿದವು. ಶುಭದ ಮನೆಯಲ್ಲಿ ಗಾಜು ಒಡೆಯುವುದು ಅಪಶಕುನ. ಮಂಚಮ್ಮನ ಮುಖ ಬಿಳಿಚಿತು.

ಇಂದ್ರಾಣಿ ಹೋಳುಗಳನ್ನು ನೋಡಿದಳು, ಮಂಚಮ್ಮನನ್ನು ನೋಡಿದಳು.

"ಬುಡವ್ವ, ದೃಷ್ಟಿ ಕಳೀತು. ನಮ್ ಸೊಸೆ ಮ್ಯಾಲೆ ಬೀಳೋದು ಬಟ್ಲ ಮ್ಯಾಲೆ ಬಿತ್ತು. ಯಾರ್ದೋ ಕೆಟ್ ಕಣ್ಣು."

ಮಂಚಮ್ಮನಿಗೆ ಉಸಿರು ಬಂತು. "ಯಾರ್ದೋ ಯಾಕವ್ವ? ಅಗೋ, ಮೂಲೇಲಿ ಕುಂತವ್ರಲ್ಲ ಸಾವ್ಕಾರ್ರು! ಈಸ್ ವರ್ಸದಿಂದ ಅದ್ನೇ ನೋಡ್ತಿದ್ರು!"

ಪಂಕ್ತಿಗೆ ಪಂಕ್ತಿಯೇ ನನ್ನತ್ತ ತಿರುಗಿ ಬಿದ್ದು ಬಿದ್ದು ನಕ್ಕಿತು. ಕೆಟ್ಟ ಕಣ್ಣಿನವನೆಂದು ಬಾಡೂಟ ಬಿಟ್ಟು ಏಳಲಾಗುತ್ತದೆಯೇ? ನಾನು ಭದ್ರವಾಗಿ ಕೂತೇ ಇದ್ದೆ.

ಹೋಳುಗಳನ್ನು ಗುಡಿಸಿ, ಹೊಸ ಎಲೆ ಹಾಕಿ, ಬಿದಿರಿನ ಕುಕ್ಕೆಯಲ್ಲಿ ಬೇರೆ ಮುದ್ದೆ ತಂದರು. ಇಂದ್ರಾಣಿ ಒಂದು ತುತ್ತು ಮುರಿದು, ಸಾರಿಗದ್ದಿ ನುಂಗಿದಳು. ಮಂಚಮ್ಮ ಕಣ್ಣು ಮಿಟುಕಿಸದೆ ನಿಂತಿದ್ದಳು.

"ಇನ್ನೊಂದ್ ಇಕ್ಕವ್ವ," ಎಂದಳು ಬೀಗಿತಿ. "ನಮ್ಮನೇಲಿ ಇಷ್ಟು ಮೆತ್ಗೆ ಬರಕಿಲ್ಲ."